ಗೋಡೆಯ ಹುಲಿ, ಕಾಡಿನ ಹುಲಿ

ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಶೆಫರ್ಡ್ 1973ರಲ್ಲಿ ಬರೆದ ಹುಲಿಯ ಚಿತ್ರವೊಂದರ ಹೆಸರು ‘ಟೈಗರ್ ಫೈರ್’. ಅದರ ಸಹಿ ಹಾಕಿದ ಮುದ್ರಿತ ಪ್ರತಿಗಳನ್ನು ಮಾರಿದಾಗ 1,27,500 ಪೌಂಡ್ ಕೂಡಿತು. ಆ ಹಣವನ್ನು ಅವರು ತಮಗೆಂದು ಇಟ್ಟುಕೊಳ್ಳದೆ, ಅದೇ ವರ್ಷ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಶುರುಮಾಡಿದ್ದ ಹುಲಿ ಯೋಜನೆಗೆ ಕೊಟ್ಟರು. ಯೋಜನೆಗೆ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಇತ್ತು. ದೇಶದಲ್ಲಿ ಆಗ ಎಣಿಕೆಗೆ ಸಿಕ್ಕಿದ್ದು 1,827 ಹುಲಿ. 2022ರ ಅಂದಾಜಿನಲ್ಲಿ ಅದು 3,682 ಆಗಿದೆ, ಕರ್ನಾಟಕವೊಂದರಲ್ಲೇ 563. ಈ ಏರಿಕೆಯ ಕೀರ್ತಿಯನ್ನು ಒಂದು ಚಿತ್ರದ ತಲೆಗೆ ಕಟ್ಟಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಮಳೆಗಾಲದಲ್ಲೂ ಕಾಡಿನ ಶಿಬಿರ ಬಿಡದ ವಾಚರುಗಳು, ನೆಲೆ ಕಳೆದುಕೊಂಡು ಹೊರಬಂದ ಕಾಡಿನ ಜನ, ಇವರೆಲ್ಲರ ಪಾಲು ಕೊಟ್ಟ ಮೇಲೆ ಉಳಿಯುವ ಚೂರು ಚಿತ್ರದ್ದು. ಆದರೆ ಆ ಚೂರು ನಿಜವಾದದ್ದು. ಅದನ್ನು ಲೆಕ್ಕ ಹಾಕಿ ನೋಡುವುದು ಈ ಬರಹದ ಉದ್ದೇಶ.

ವನ್ಯಜೀವಿಗಳನ್ನು ಚಿತ್ರಿಸುವವರು ವನ್ಯಜೀವಿಗಳನ್ನು ಉಳಿಸುತ್ತಾರೆಯೇ? ಪ್ರದರ್ಶನಗಳ ಉದ್ಘಾಟನೆಯಲ್ಲಿ ಈ ಪ್ರಶ್ನೆಗೆ ಸುಲಭದ ಉತ್ತರ ಸಿಗುತ್ತದೆ: ಚಿತ್ರ ನೋಡಿದವರಲ್ಲಿ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದರೆ ಪ್ರಾಣಿ ಉಳಿಯುತ್ತದೆ ಎಂದು. ಚರಿತ್ರೆಯನ್ನು ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. ಎಷ್ಟೋ ಕಾಲ ಕುಂಚವೂ ಬಂದೂಕೂ ಒಟ್ಟಿಗೇ ಕಾಡಿಗೆ ಹೋಗಿವೆ. ಚಿತ್ರ ಪ್ರಾಣಿಯ ನೆರವಿಗೆ ಬಂದಿದ್ದು ಅದರ ಬೆಲೆ ಕಾಡಿಗೆ ತಲುಪಲು ಯಾರೋ ಒಂದು ದಾರಿ ಕಡಿದಾಗ ಮಾತ್ರ. ಆ ದಾರಿ ಇಲ್ಲದೆಡೆ ಎಂಥ ಅದ್ಭುತ ಚಿತ್ರವೂ ಪ್ರಾಣಿಯನ್ನು ಕಾದಿಲ್ಲ.

ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನಷ್ಟು ಪ್ರೀತಿಯಿಂದ ಹಕ್ಕಿಯ ಗರಿ ಬಿಡಿಸಿದವರು ನಮ್ಮ ದೇಶದಲ್ಲಿ ಬಹಳ ಇಲ್ಲ. ಅವನ ಸೈಬೀರಿಯಾದ ಕ್ರೌಂಚವನ್ನು ಇಂದಿಗೂ ಪಕ್ಷಿತಜ್ಞರು ಮೆಚ್ಚಿ ನೋಡುತ್ತಾರೆ. ಅವನಿಗೆ ‘ನಾದಿರ್-ಉಲ್-ಅಸ್ರ್’ ಎಂಬ ಬಿರುದು ಕೊಟ್ಟ ದೊರೆಯೇ, ತನ್ನ ಕೈಯಾರೆ ಕೊಂದ ಪ್ರಾಣಿ ಪಕ್ಷಿಗಳ ಲೆಕ್ಕ ಹದಿನೇಳು ಸಾವಿರ ದಾಟಿತೆಂದು ತನ್ನ ಆತ್ಮಕಥೆಯಲ್ಲಿ ಬರೆಸಿಟ್ಟ. ಅವನ ಮನಸ್ಸಿನಲ್ಲಿ ಈ ಎರಡಕ್ಕೂ ವಿರೋಧವಿರಲಿಲ್ಲ. ಚೆಲುವಾದದ್ದನ್ನು ಪಡೆಯಬೇಕು, ಪಡೆಯಲು ಇದ್ದ ದಾರಿಗಳಲ್ಲಿ ಬೇಟೆ ಒಂದು, ಚಿತ್ರ ಇನ್ನೊಂದು.

ಅಮೆರಿಕದ ಜಾನ್ ಜೇಮ್ಸ್ ಆಡುಬಾನ್ 1827ರಿಂದ 1838ರವರೆಗೆ ಬಿಡಿಬಿಡಿಯಾಗಿ ಹೊರತಂದ ‘ದಿ ಬರ್ಡ್ಸ್ ಆಫ್ ಅಮೆರಿಕ’ದಲ್ಲಿ 435 ಚಿತ್ರಫಲಕಗಳಿವೆ. ಹಕ್ಕಿಗಳೆಲ್ಲ ನಿಜ ಗಾತ್ರದವು. ಅವರು ಹಕ್ಕಿಗಳನ್ನು ಗುಂಡಿಟ್ಟು ಕೆಡವಿ, ತಂತಿ ಚುಚ್ಚಿ ಜೀವಂತ ಭಂಗಿಯಲ್ಲಿ ನಿಲ್ಲಿಸಿ ಬರೆಯುತ್ತಿದ್ದರು. ದುರ್ಬೀನು ಕ್ಯಾಮೆರಾಗಳಿಲ್ಲದ ಕಾಲದಲ್ಲಿ ಬೇರೆ ಉಪಾಯ ಕಡಿಮೆ. ಅದಕ್ಕಿಂತ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಅವರು ಬರೆದ ಪ್ಯಾಸೆಂಜರ್ ಪಾರಿವಾಳಗಳು ಆಗ ಆಕಾಶ ಮುಚ್ಚುವಷ್ಟಿದ್ದವು. ಆ ಸಂತತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಅವರೇ ಬರೆದ ಕೆರೊಲೈನಾ ಗಿಳಿಗಳಲ್ಲಿ ಕೊನೆಯದು 1918ರಲ್ಲಿ ಅದೇ ಮೃಗಾಲಯದಲ್ಲಿ ಕಣ್ಣುಮುಚ್ಚಿತು. ಅಷ್ಟರಲ್ಲಿ ಆ ಗಿಳಿಗಳ ಚಿತ್ರ ಎಂಬತ್ತು ವರ್ಷದಿಂದ ಲೋಕದ ಮುಂದಿತ್ತು. ಜಗತ್ತು ಮೆಚ್ಚಿತು, ಸಂಗ್ರಾಹಕರು ದುಬಾರಿ ಬೆಲೆಗೆ ಕೊಂಡರು, ಗಿಳಿ ಮಾತ್ರ ಹೋಯಿತು. ಆಡುಬಾನರ ಹೆಸರು ಹಕ್ಕಿಗಳ ಕೆಲಸಕ್ಕೆ ಬಂದದ್ದು ಅವರು ತೀರಿಕೊಂಡು ಮೂವತ್ತೈದು ವರ್ಷಗಳ ಬಳಿಕ. ಅವರ ಪತ್ನಿ ಲೂಸಿಯ ಬಳಿ ಬಾಲ್ಯದಲ್ಲಿ ಪಾಠ ಕಲಿತಿದ್ದ ಜಾರ್ಜ್ ಬರ್ಡ್ ಗ್ರಿನೆಲ್ 1886ರಲ್ಲಿ ಮೊದಲ ಆಡುಬಾನ್ ಸಂಘ ಕಟ್ಟಿದರು. ಟೋಪಿಗಳ ಅಲಂಕಾರಕ್ಕೆಂದು ಹಕ್ಕಿಗಳನ್ನು ಕೊಲ್ಲುವುದನ್ನು ನಿಲ್ಲಿಸುವುದು ಆ ಸಂಘದ ಮೊದಲ ಹೋರಾಟ. ಚಿತ್ರ ಮಾಡಲಾಗದ್ದನ್ನು ಸಂಘಟನೆ ಮಾಡಿತು.

ಮೈಸೂರಿನವರಿಗೆ ಈ ಕಥೆಯ ಇನ್ನೊಂದು ಮಗ್ಗುಲು ಹತ್ತಿರದಿಂದಲೇ ಗೊತ್ತು. ಇಪ್ಪತ್ತನೆಯ ಶತಮಾನವಿಡೀ ವ್ಯಾನ್ ಇಂಗೆನ್ ಕುಟುಂಬ ಅಲ್ಲಿ ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ, ಒಳಗೆ ತುಂಬಿ, ಜೀವಂತದಂತೆ ನಿಲ್ಲಿಸುವ ಕಾರ್ಖಾನೆ ನಡೆಸಿತು. ಅಲ್ಲಿ ಸಿದ್ಧವಾದ ಹುಲಿ ಚಿರತೆಗಳೇ ನಲವತ್ತು ಸಾವಿರಕ್ಕೂ ಹೆಚ್ಚು. ಆ ಕುಶಲಕರ್ಮಿಗಳ ಕೈಚಳಕ ಸಾಮಾನ್ಯದ್ದಲ್ಲ. ಹುಲಿಯ ಕೋಪ, ಮೂತಿಯ ಸುಕ್ಕು, ಕಣ್ಣಿನ ಹೊಳಪು ಎಲ್ಲವನ್ನೂ ಬಲ್ಲವರು ಅವರು. ಪ್ರಾಣಿಯ ರೂಪವನ್ನು ಅರಿತ ಕಣ್ಣು ಪ್ರಾಣಿಯ ಪರವಾಗಿರಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಶೆಫರ್ಡರಂಥವರ ಕಾಲದಲ್ಲಿ ಆದ ದೊಡ್ಡ ಬದಲಾವಣೆ ಇಲ್ಲೇ ಇದೆ ಎಂದು ನನ್ನ ಎಣಿಕೆ. ಹಜಾರದ ಗೋಡೆಯ ಮೇಲೆ ಸತ್ತ ಹುಲಿಯ ತಲೆ ಇದ್ದ ಜಾಗಕ್ಕೆ ಬದುಕಿರುವ ಹುಲಿಯ ಚಿತ್ರ ಬಂತು. ದೊಡ್ಡ ಪ್ರಾಣಿಯೊಂದು ತನ್ನ ಮನೆಯಲ್ಲಿರಬೇಕೆಂಬ ಮನುಷ್ಯನ ಆಸೆ ಹಾಗೆಯೇ ಉಳಿಯಿತು. ಅದನ್ನು ತಣಿಸಲು ಪ್ರಾಣಿ ಸಾಯಬೇಕಾಗಲಿಲ್ಲ.

ಶೆಫರ್ಡ್ ಹುಟ್ಟಿದ್ದು 1931ರಲ್ಲಿ. ಶಾಲೆ ಮುಗಿಸಿ, ಆಫ್ರಿಕದಲ್ಲಿ ವನಪಾಲಕನಾಗುವ ಕನಸು ಹೊತ್ತು ಕೀನ್ಯಾಕ್ಕೆ ಹೋದ ಹುಡುಗನಿಗೆ ಅಲ್ಲಿ ಕೆಲಸ ಸಿಗಲಿಲ್ಲ. ಊರಿಗೆ ಮರಳಿ ಲಂಡನ್ನಿನ ಸ್ಲೇಡ್ ಕಲಾಶಾಲೆಗೆ ಅರ್ಜಿ ಹಾಕಿದರೆ ಅಲ್ಲೂ ಬಾಗಿಲು ತೆರೆಯಲಿಲ್ಲ. ಕೊನೆಗೆ ರಾಬಿನ್ ಗುಡ್ವಿನ್ ಎಂಬ ಕಲಾವಿದ ಶಿಷ್ಯನಾಗಿ ಸೇರಿಸಿಕೊಂಡರು. ಮೊದಲು ಹೆಸರು ತಂದದ್ದು ವಿಮಾನಗಳ ಚಿತ್ರ. 1960ರಲ್ಲಿ ಬ್ರಿಟಿಷ್ ವಾಯುಪಡೆ ಅವರನ್ನು ಕೀನ್ಯಾಕ್ಕೆ ಕರೆಸಿಕೊಂಡಾಗ, ದಿನವಿಡೀ ವಿಮಾನ ಹಾರಿಸುವ ಆ ಜನ ವಿಮಾನದ ಚಿತ್ರ ಬೇಡವೆಂದು ಆ ನೆಲದ ಪ್ರಾಣಿಯದ್ದನ್ನು ಕೇಳಿದರು. ಶೆಫರ್ಡ್ ಘೇಂಡಾಮೃಗವೊಂದನ್ನು ಬರೆದುಕೊಟ್ಟರು. ಅದೇ ವರ್ಷ ಟಾಂಗಾನ್ಯಿಕಾದಲ್ಲಿ ಕಳ್ಳಬೇಟೆಗಾರರು ವಿಷ ಬೆರೆಸಿದ ನೀರುಗುಂಡಿಯ ಸುತ್ತ ಸತ್ತುಬಿದ್ದ 255 ಜೀಬ್ರಾಗಳನ್ನು ಕಂಡರು. ತಾವು ಸಂರಕ್ಷಣೆಗೆ ತಿರುಗಿದ್ದು ಆ ಕ್ಷಣದಲ್ಲಿ ಎಂದು ಬದುಕಿನುದ್ದಕ್ಕೂ ಹೇಳುತ್ತಿದ್ದರು.

1962ರ ಸುಮಾರಿಗೆ ಅವರ ‘ವೈಸ್ ಓಲ್ಡ್ ಎಲಿಫೆಂಟ್’ ಎಂಬ ಆನೆಯ ಚಿತ್ರದ ಅಗ್ಗದ ಮುದ್ರಣ ಬ್ರಿಟನ್ನಿನ ಬೂಟ್ಸ್ ಔಷಧಿ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು. ಲಕ್ಷಗಟ್ಟಲೆ ಮನೆಗಳಿಗೆ ಆ ಆನೆ ಹೋಯಿತು. ಕಲಾವಿಮರ್ಶಕರು ಅವರತ್ತ ತಿರುಗಿಯೂ ನೋಡಲಿಲ್ಲ. ಅವರ ಚಿತ್ರಗಳು ಬಹುಪಾಲು ಒಂದೇ ಬಗೆಯವು: ಧೂಳು, ಸಂಜೆಬಿಸಿಲು, ಕಿವಿ ಹರಡಿ ಎದುರಿಗೆ ಬರುವ ಗಂಡಾನೆ. ವಿಮರ್ಶಕರ ಉದಾಸೀನಕ್ಕೆ ಕಾರಣವಿದೆ. ರೂಪದಲ್ಲಿ ಅವರು ಹೊಸದೇನನ್ನೂ ಹುಡುಕಲಿಲ್ಲ. ಆದರೆ ಅವರ ಹೊಸತನ ಕ್ಯಾನ್ವಾಸಿನ ಆಚೆಗೆ ಇತ್ತು. ತಮ್ಮ ಚಿತ್ರಗಳನ್ನು ಅಮೆರಿಕದಲ್ಲಿ ಹರಾಜು ಹಾಕಿ ಬಂದ ಹಣದಿಂದ ಜಾಂಬಿಯಾದ ಕಳ್ಳಬೇಟೆ ತಡೆಗೆ ಒಂದು ಹೆಲಿಕಾಪ್ಟರ್ ಕೊಡಿಸಿದರು. ಅವರಿಗೆ ಉಗಿಬಂಡಿಗಳ ಹುಚ್ಚಿರುವುದನ್ನು ಅರಿತಿದ್ದ ಅಧ್ಯಕ್ಷ ಕೆನೆತ್ ಕೌಂಡಾ ಕೃತಜ್ಞತೆಗೆ ಹಳೆಯ ಉಗಿ ಎಂಜಿನ್ ಒಂದನ್ನು ಕೊಟ್ಟರು. 1984ರಲ್ಲಿ ಶೆಫರ್ಡ್ ತಮ್ಮ ಹೆಸರಿನ ಪ್ರತಿಷ್ಠಾನ ಕಟ್ಟಿದರು. ಅವರು 2017ರಲ್ಲಿ ತೀರಿಕೊಂಡರು. ಪ್ರತಿಷ್ಠಾನ ಇಂದಿಗೂ ಆಫ್ರಿಕ ಮತ್ತು ಏಷ್ಯಾದ ಹಲವೆಡೆ, ಅಸ್ಸಾಂನಲ್ಲಿ ಸಹ, ಸ್ಥಳೀಯ ಸಂಸ್ಥೆಗಳ ಕೆಲಸಕ್ಕೆ ಹಣ ಕೊಡುತ್ತಿದೆ. 2008ರಿಂದ ಪ್ರತಿವರ್ಷ ವನ್ಯಜೀವಿ ಚಿತ್ರಕಾರರ ಸ್ಪರ್ಧೆಯನ್ನೂ ನಡೆಸುತ್ತಿದೆ. ಒಬ್ಬ ಚಿತ್ರಕಾರನ ಸಾವಿನ ನಂತರವೂ ಅವನ ಕುಂಚ ದುಡಿಯುವಂತೆ ಮಾಡಿದ ಏರ್ಪಾಡು ಅದು.

ಇಷ್ಟು ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. ಜಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ಒಂದು ಕಾಲಕ್ಕೆ ಸಾವಿರಗಟ್ಟಲೆ ಕಪ್ಪು ಘೇಂಡಾಮೃಗಗಳಿದ್ದವು. ಶೆಫರ್ಡರ ಖ್ಯಾತಿ ಏರುತ್ತಿದ್ದ ಎಪ್ಪತ್ತು ಎಂಬತ್ತರ ದಶಕಗಳಲ್ಲೇ ಕೊಂಬಿನ ಆಸೆಗೆ ಅವುಗಳನ್ನು ಕೊಂದು ಮುಗಿಸಲಾಯಿತು. 1998ರಲ್ಲಿ ಆ ದೇಶದಲ್ಲಿ ಈ ಪ್ರಾಣಿ ಅಳಿಯಿತೆಂದು ಘೋಷಣೆಯಾಯಿತು. ಹೆಲಿಕಾಪ್ಟರ್ ಇತ್ತು, ಚಿತ್ರಗಳಿದ್ದವು, ಅಧ್ಯಕ್ಷರ ಸ್ನೇಹವೂ ಇತ್ತು. ಕೊಂಬಿನ ಅಂತರರಾಷ್ಟ್ರೀಯ ಮಾರುಕಟ್ಟೆಯ ಎದುರು ಇವು ಸಾಲಲಿಲ್ಲ. 2003ರಲ್ಲಿ ಹೊರಗಿನಿಂದ ಐದು ಪ್ರಾಣಿಗಳನ್ನು ತಂದು ನಾರ್ತ್ ಲುವಾಂಗ್ವಾದಲ್ಲಿ ಬಿಟ್ಟು, ವರ್ಷವಿಡೀ ಕಾವಲಿಟ್ಟು ಮತ್ತೆ ಶುರುಮಾಡಬೇಕಾಯಿತು. ಇದರಿಂದ ಶೆಫರ್ಡರ ದಾನ ವ್ಯರ್ಥವೆಂದು ನಾನು ಹೇಳುವುದಿಲ್ಲ. ಒಮ್ಮೆ ಕೊಟ್ಟ ದೊಡ್ಡ ಮೊತ್ತಕ್ಕಿಂತ ಪ್ರತಿತಿಂಗಳು ತಪ್ಪದೆ ಬರುವ ಕಾವಲಿನ ಸಂಬಳ ಮುಖ್ಯ ಎನ್ನುತ್ತೇನೆ. ಪ್ರತಿಷ್ಠಾನ ಕಟ್ಟಿದ ಶೆಫರ್ಡರಿಗೂ ಅದು ತಿಳಿದಿತ್ತೆಂದೇ ತೋರುತ್ತದೆ.

ತಪ್ಪದೆ ಬರುವ ಹಣಕ್ಕೆ ಜಗತ್ತಿನಲ್ಲಿ ನನಗೆ ಕಾಣುವ ಅತ್ಯುತ್ತಮ ಮಾದರಿ ಒಂದು ಪುಟ್ಟ ಚೀಟಿ. 1930ರ ದಶಕದ ಅಮೆರಿಕದಲ್ಲಿ ಬರ ಮತ್ತು ಜೌಗುಗಳನ್ನು ಬತ್ತಿಸಿ ಹೊಲ ಮಾಡುವ ಹುರುಪು ಸೇರಿ ಕಾಡುಬಾತುಗಳು ವೇಗವಾಗಿ ಕಡಿಮೆಯಾಗುತ್ತಿದ್ದವು. ಅಯೋವಾದ ವ್ಯಂಗ್ಯಚಿತ್ರಕಾರ ಜೆ.ಎನ್. ಡಾರ್ಲಿಂಗ್, ‘ಡಿಂಗ್’ ಎಂದೇ ಸಹಿ ಹಾಕುತ್ತಿದ್ದವರು, ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಚಿತ್ರಿಸುತ್ತಿದ್ದರು. ರಾಜಕೀಯದಲ್ಲಿ ಅವರು ಅಧ್ಯಕ್ಷ ರೂಸ್‌ವೆಲ್ಟರ ವಿರೋಧಿ. ಆ ರೂಸ್‌ವೆಲ್ಟರೇ 1934ರಲ್ಲಿ ಅವರನ್ನು ವನ್ಯಜೀವಿ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ಜಾರಿಗೆ ಬಂದ ಕಾನೂನಿನಂತೆ, ಬಾತು ಬೇಟೆಗೆ ಹೋಗುವ 16 ವರ್ಷ ತುಂಬಿದ ಪ್ರತಿಯೊಬ್ಬನೂ ಒಂದು ಡಾಲರಿನ ಚೀಟಿ ಕೊಳ್ಳಲೇಬೇಕಾಯಿತು. ಮೊದಲ ಚೀಟಿಯ ಚಿತ್ರವನ್ನು ಡಾರ್ಲಿಂಗ್ ತಾವೇ ಬರೆದರು: ಜೌಗಿಗೆ ಇಳಿಯುತ್ತಿರುವ ಎರಡು ಬಾತುಗಳು. ಮೊದಲ ವರ್ಷವೇ 6,35,000 ಚೀಟಿಗಳು ಖರ್ಚಾದವು.

ಅಂದಿನಿಂದ ಪ್ರತಿವರ್ಷ ಹೊಸ ಚಿತ್ರದ ಚೀಟಿ ಬರುತ್ತಿದೆ. 1949ರಿಂದ ಚಿತ್ರದ ಆಯ್ಕೆಗೆ ಯಾರಾದರೂ ಭಾಗವಹಿಸಬಹುದಾದ ಸ್ಪರ್ಧೆ ಇದೆ. ಗೆದ್ದವರಿಗೆ ಸರ್ಕಾರ ನಗದು ಕೊಡುವುದಿಲ್ಲ, ತಮ್ಮ ಚಿತ್ರವಿರುವ ಚೀಟಿಗಳ ಒಂದು ಹಾಳೆ ಕೊಡುತ್ತದೆ. ಆದರೆ ಗೆದ್ದ ಚಿತ್ರದ ಪ್ರತಿಗಳನ್ನು ಮಾರುವ ಹಕ್ಕು ಕಲಾವಿದರದೇ, ಮತ್ತು ಆ ಹೆಸರಿಗೆ ಬೆಲೆಯಿದೆ. ಚೀಟಿಯ ಬೆಲೆ ಈಗ 25 ಡಾಲರ್. ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗುಭೂಮಿ ಕೊಳ್ಳಲು ಅಥವಾ ಗುತ್ತಿಗೆ ಹಿಡಿಯಲು ಹೋಗುತ್ತದೆ. ಈವರೆಗೆ 110 ಕೋಟಿ ಡಾಲರಿಗೂ ಹೆಚ್ಚು ಹಣ ಸೇರಿ, ಸುಮಾರು 60 ಲಕ್ಷ ಎಕರೆ ನೆಲ ಉಳಿದಿದೆ. ಬೇಟೆ ಆಡದ ಹಕ್ಕಿಪ್ರಿಯರೂ, ಅಂಚೆಚೀಟಿ ಸಂಗ್ರಾಹಕರೂ ಇಷ್ಟಪಟ್ಟು ಕೊಳ್ಳುತ್ತಾರೆ. ಜಗಳವೂ ಆಗದೆ ಇರಲಿಲ್ಲ: 2020ರಲ್ಲಿ ಚಿತ್ರದಲ್ಲಿ ಬೇಟೆಯ ಗುರುತೊಂದು ಇರಲೇಬೇಕೆಂದು ನಿಯಮ ಮಾಡಿದರು, ಮರುವರ್ಷವೇ ಅದನ್ನು ಕೈಬಿಟ್ಟರು. ಇಲ್ಲಿನ ಚಿತ್ರಗಳಲ್ಲಿ ಮಹಾನ್ ಕಲೆ ಎನ್ನುವಂಥದ್ದು ಎಷ್ಟಿದೆಯೋ, ವಿಮರ್ಶಕರು ತೀರ್ಮಾನಿಸಲಿ. ಆದರೆ ಚಿತ್ರದಿಂದ ನೆಲಕ್ಕೆ ಹಣ ಹರಿಯುವ ಕಾಲುವೆ ಕಾನೂನಿನ ಕಲ್ಲಿನಲ್ಲಿ ಕಟ್ಟಿದ್ದು. ಕಲಾವಿದನ ಔದಾರ್ಯ ಬತ್ತಿದರೂ ಅದು ಬತ್ತುವುದಿಲ್ಲ.

ಪೀಟರ್ ಸ್ಕಾಟ್ ಮೂರನೆಯ ದಾರಿಯವರು. ದಕ್ಷಿಣ ಧ್ರುವದಿಂದ ಮರಳುವಾಗ ಸತ್ತ ಕ್ಯಾಪ್ಟನ್ ಸ್ಕಾಟರ ಮಗ. ಯೌವನದಲ್ಲಿ ಬಾತು ಹೆಬ್ಬಾತುಗಳ ದೊಡ್ಡ ಬೇಟೆಗಾರ. ಅವನ್ನೇ ಬರೆದು ಹೆಸರು ಮಾಡಿದವರು ಕಾಲಕ್ರಮದಲ್ಲಿ ಬಂದೂಕು ಕೆಳಗಿಟ್ಟರು. 1946ರಲ್ಲಿ ಸೆವರ್ನ್ ನದೀಮುಖದ ಸ್ಲಿಂಬ್ರಿಜ್‌ನಲ್ಲಿ ಜಲಪಕ್ಷಿಗಳ ಸಂಸ್ಥೆ ತೆರೆದರು. ಹವಾಯಿಯ ನೇನೇ ಹೆಬ್ಬಾತು ಬೆರಳೆಣಿಕೆಗೆ ಬಂದು ನಿಂತಿದ್ದಾಗ ಸ್ಲಿಂಬ್ರಿಜ್‌ನಲ್ಲಿ ಮರಿಮಾಡಿಸಿ 1960ರ ದಶಕದಲ್ಲಿ ಅದರ ತಾಯ್ನೆಲಕ್ಕೆ ಕಳಿಸಿದರು. 1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಹುಟ್ಟಿದಾಗ ಸ್ಥಾಪಕರಲ್ಲಿ ಒಬ್ಬರಾಗಿ ಅದರ ಪಾಂಡಾ ಲಾಂಛನವನ್ನು ರೂಪಿಸಿದರು. ಕಪ್ಪುಬಿಳುಪಿನ ಪ್ರಾಣಿಯಾದ್ದರಿಂದ ಅಚ್ಚಿನ ಖರ್ಚು ಕಡಿಮೆ ಎಂಬುದೂ ಒಂದು ಕಾರಣ. ಅವರ ತೈಲಚಿತ್ರಗಳೆಲ್ಲಕ್ಕಿಂತ ಆ ನಾಲ್ಕು ಕಪ್ಪು ಮಚ್ಚೆಗಳೇ ವನ್ಯಜೀವಿಗಳಿಗೆ ಹೆಚ್ಚು ದುಡಿದವು. ಚಿತ್ರಕಾರನ ಕಣ್ಣನ್ನು ಸಂಸ್ಥೆ ಕಟ್ಟಲು ಬಳಸಿದವರಲ್ಲಿ ಅವರಿಗೆ ಸಮನಾದವರನ್ನು ನಾನು ಕಾಣೆ.

ಹಣವನ್ನೇ ತರದ, ಆದರೂ ಆಳವಾಗಿ ಕೆಲಸ ಮಾಡಿದ ಚಿತ್ರಗಳೂ ಇವೆ. 1934ರಲ್ಲೇ ರೋಜರ್ ಟೋರಿ ಪೀಟರ್ಸನ್ ತಾವೇ ಚಿತ್ರ ಬರೆದ ಹಕ್ಕಿ ಕೈಪಿಡಿ ತಂದರು. ಪ್ರತಿ ಹಕ್ಕಿಯ ಗುರುತಿನ ಲಕ್ಷಣಕ್ಕೆ ಒಂದು ಬಾಣ, ಅಷ್ಟೇ. ಮೊದಲ ಮುದ್ರಣದ 2,000 ಪ್ರತಿಗಳು ವಾರದಲ್ಲಿ ಖಾಲಿ. ಕೊಲ್ಲದೆಯೇ ಹಕ್ಕಿಯನ್ನು ಗುರುತಿಸುವ ವಿದ್ಯೆ ಸಾಮಾನ್ಯರ ಕೈಗೆ ಬಂತು. ಹೆಸರು ಗೊತ್ತಿರುವ ಹಕ್ಕಿ ಕಾಣೆಯಾದರೆ ಮಾತ್ರ ಜನಕ್ಕೆ ಅದು ಕಾಣೆಯಾದದ್ದು ಗೊತ್ತಾಗುತ್ತದೆ. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಒಂದು ತಲೆಮಾರಿನ ಕನ್ನಡಿಗರಿಗೆ ಕಲಿಸಿದ್ದು ಇದನ್ನೇ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಪಟ್ಟೆಗಳ ವಿನ್ಯಾಸ ನೋಡಿ ಒಂದೊಂದೇ ಹುಲಿಯನ್ನು ಗುರುತಿಸಿ ಎಣಿಸುವ ಪದ್ಧತಿ ಬೆಳೆಸಿದ ಮೇಲೆ, ಹುಲಿಯ ಚಿತ್ರ ನೋಡುವ ನಮ್ಮ ಕಣ್ಣೂ ಬದಲಾಗಬೇಕಿತ್ತು. ಎರಡು ಹುಲಿಗಳ ಪಟ್ಟೆ ಒಂದೇ ಇರುವುದಿಲ್ಲ. ಮನಬಂದಂತೆ ಪಟ್ಟೆ ಎಳೆದ ಹುಲಿ ಯಾವ ಕಾಡಿನ ಹುಲಿಯೂ ಅಲ್ಲ. ಈ ಶಿಸ್ತನ್ನು ಚಿತ್ರಕಾರರಿಂದ ಕೇಳುವುದು ಅತಿಯಾಯಿತೆಂದು ನನಗೆ ಅನಿಸುವುದಿಲ್ಲ.

ಇನ್ನು ಈ ಕಲೆಯ ದೊಡ್ಡ ಕೊರತೆ. ಅದು ಸುಂದರವಾದದ್ದನ್ನೇ ಬರೆಯುತ್ತದೆ, ಸುಂದರವಾದದ್ದಕ್ಕೇ ಹಣ ತರುತ್ತದೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿ. ಹುಲಿಯ ಮುಖ, ಆನೆಯ ಹಿಂಡು, ನವಿಲು ಸಾಲುಸಾಲಾಗಿ ಸಿಗುತ್ತವೆ. ರಣಹದ್ದು ಸಿಗುವುದು ಕಷ್ಟ. ರಾಮನಗರದ ರಾಮದೇವರಬೆಟ್ಟದಲ್ಲಿ 2012ರಿಂದ ರಣಹದ್ದುಗಳಿಗೆಂದೇ ಧಾಮವಿದೆ. ಸಿರುಗುಪ್ಪದ ಹೊಲಗಳಲ್ಲಿ ಎರೆಭೂತ ಬೆರಳೆಣಿಕೆಯಷ್ಟಾದರೂ ಉಳಿದಿದೆಯೇ ಎಂದು ಪಕ್ಷಿಪ್ರಿಯರು ಹುಡುಕುತ್ತಾರೆ. ತುಮಕೂರಿನ ಕುರುಚಲಿನಲ್ಲಿ ಕಾಡುಪಾಪ, ಶರಾವತಿ ಕಣಿವೆಯಲ್ಲಿ ಸಿಂಗಳೀಕ, ಎಲ್ಲೆಲ್ಲೂ ಕದ್ದು ಸಾಗಿಸಲ್ಪಡುವ ಚಿಪ್ಪುಹಂದಿ. ಇವನ್ನು ಬರೆದರೆ ಕೊಳ್ಳುವವರಿಲ್ಲವೆಂದು ಕಲಾವಿದರು ಹೇಳುತ್ತಾರೆ, ಹೊಟ್ಟೆಪಾಡು ಅವರಿಗೂ ಇದೆ. ಹಾಗಾದರೆ ಕೊಳ್ಳುವವರ ಕಣ್ಣನ್ನು ತಿದ್ದುವ ಕೆಲಸ ಸಂಸ್ಥೆಗಳದು, ಪತ್ರಿಕೆಗಳದು, ಶಾಲೆಗಳದು. ಹುಲಿಗೆ ಸಿಗುವ ರಕ್ಷಣೆಯ ನೆರಳಿನಲ್ಲೇ ಉಳಿದವೂ ಬದುಕುತ್ತವೆ ಎಂಬ ವಾದ ಮಲೆನಾಡಿನ ಕಾಡಿಗೆ ಸ್ವಲ್ಪ ಸರಿ. ಹುಲಿಯೇ ಇಲ್ಲದ ಬಯಲುಸೀಮೆಯ ಹುಲ್ಲುಗಾವಲಿಗೆ ಅದು ಯಾವ ನೆರಳನ್ನೂ ಕೊಡುವುದಿಲ್ಲ.

ಎರಡನೆಯ ಕೊರತೆ, ಚಿತ್ರದಲ್ಲಿ ಮನುಷ್ಯನಿಲ್ಲ. ಶೆಫರ್ಡರ ಆಫ್ರಿಕದಲ್ಲಿ ಆನೆಯ ಹಿಂದೆ ಬೆಟ್ಟವಿದೆ, ಮೋಡವಿದೆ, ಅಲ್ಲಿನ ಹಳ್ಳಿ ಅಪರೂಪ. ಇಂಥ ಚಿತ್ರಗಳನ್ನೇ ನೋಡಿ ಬೆಳೆದ ನಗರದವರಿಗೆ ಕಾಡೆಂದರೆ ಜನರಿಲ್ಲದ ಜಾಗ, ಅಲ್ಲಿರುವ ಜನ ಅಡ್ಡಿ. ನಾಗರಹೊಳೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ನೋಟದ ಬೆಲೆ ತೆತ್ತಿದ್ದಾರೆ. ಆನೆ ಗದ್ದೆ ತುಳಿದು ಹೋದ ಬೆಳಗನ್ನು ಕೊಡಗು, ಸಕಲೇಶಪುರದ ಬೆಳೆಗಾರರು ಬಲ್ಲರು. ಆನೆಯನ್ನು ಬರೆಯುವವರು ಆ ಗದ್ದೆಯನ್ನೂ ಬರೆಯಬೇಕು.

ಈ ಎರಡನೆಯ ಕೊರತೆಗೆ ಈವರೆಗಿನ ಅತಿ ಗಟ್ಟಿ ಉತ್ತರ ನಮ್ಮ ಗಡಿಯ ಪಕ್ಕದಿಂದಲೇ ಬಂದಿದೆ. ಬಂಡೀಪುರ, ಮುದುಮಲೈ, ಮಲೆಮಹದೇಶ್ವರ ಬೆಟ್ಟಗಳಲ್ಲಿ ಹುಲ್ಲನ್ನು ನುಂಗಿ ಹಬ್ಬಿರುವ ಲಂಟಾನವನ್ನು ಕಡಿದು ಬಳಸುವ ಕಸುಬನ್ನು ಬೆಂಗಳೂರಿನ ಏಟ್ರೀ ಸಂಸ್ಥೆ ಮಲೆಮಹದೇಶ್ವರ ಬೆಟ್ಟದ ಸೋಲಿಗರೊಡನೆ ಬೆಳೆಸಿತು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಸಿಗುವ ಗೂಡಲೂರಿನಲ್ಲಿ ಬೆಟ್ಟಕುರುಂಬರು, ಪಣಿಯರು, ಕಾಟ್ಟುನಾಯಕರು, ಸೋಲಿಗರು ಸೇರಿ ಅದೇ ಲಂಟಾನದ ಕೋಲುಗಳಿಂದ ನಿಜ ಗಾತ್ರದ ಆನೆಗಳನ್ನು ಕಟ್ಟಿದರು. ಪ್ರತಿಯೊಂದಕ್ಕೂ ಆ ಸುತ್ತಿನಲ್ಲಿ ಓಡಾಡುವ ನಿಜವಾದ ಒಂದು ಆನೆ ಮಾದರಿ. ಆ ಜನಕ್ಕೆ ಆ ಆನೆಗಳು ದಿನದ ನೆರೆಹೊರೆ, ನಡಿಗೆಯಿಂದಲೇ ಗುರುತು ಸಿಗುವಂಥವು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ಹಿಂಡಾಗಿ ನಿಂತವು, ಮುಂದೆ ಅಮೆರಿಕಕ್ಕೂ ಹೋದವು. ಆನೆಗಳನ್ನು ಮಾರಿ ಬಂದ ಹಣ ಮನುಷ್ಯ ಮತ್ತು ವನ್ಯಜೀವಿಗಳ ಸಹಬಾಳ್ವೆಯ ಕೆಲಸಕ್ಕೆ ಹೋಗುತ್ತದೆ. ಕಟ್ಟಿದ ಕೈಗಳಿಗೆ ಕೂಲಿ, ಕಾಡಿಗೆ ಕಳೆ ಕಡಿಮೆ. ಶೆಫರ್ಡರ ಚಿತ್ರದಲ್ಲಿ ಕಾಣದಿದ್ದ ಜನರೇ ಇಲ್ಲಿ ಕಲಾವಿದರು. ಈ ಇಡೀ ಸಮೀಕ್ಷೆಯಲ್ಲಿ ನನಗೆ ಅತಿ ಹೆಚ್ಚು ಭರವಸೆ ಕೊಟ್ಟ ಸಂಗತಿ ಇದು.

ಈಗ ನಮ್ಮ ಕೊಳ್ಳುವವರ ಮಾತು. ಪ್ರದರ್ಶನದ ಆಮಂತ್ರಣದಲ್ಲಿ ‘ಆದಾಯದ ಒಂದು ಭಾಗ ವನ್ಯಜೀವಿ ಸಂರಕ್ಷಣೆಗೆ’ ಎಂದು ಬರೆದಿರುತ್ತದೆ. ಎಷ್ಟು ಭಾಗ, ಯಾವ ಸಂಸ್ಥೆಗೆ, ಯಾವ ಕೆಲಸಕ್ಕೆ ಎಂದು ಕೇಳಿ ತಿಳಿದು ಕೊಂಡರೆ ಪ್ರಾಮಾಣಿಕ ಕಲಾವಿದರಿಗೆ ಅದರಿಂದ ಬಲವೇ ಬರುತ್ತದೆ. ಕೆನಡಾದಲ್ಲಿ 1997ರಲ್ಲಿ ಶುರುವಾದ ‘ಆರ್ಟಿಸ್ಟ್ಸ್ ಫಾರ್ ಕನ್ಸರ್ವೇಶನ್’ನಂಥ ಕೂಟ ಕರ್ನಾಟಕದಲ್ಲೂ ಇದ್ದರೆ, ಒಬ್ಬೊಬ್ಬರೇ ಮಾಡುವ ಸಣ್ಣ ದಾನ ಒಂದೆಡೆ ಸೇರಿ ಶಿಬಿರವೊಂದರ ವಾಚರುಗಳ ಮಳೆಯಂಗಿಗೋ ಬೂಟಿಗೋ ಲೆಕ್ಕಸಹಿತ ಮುಟ್ಟಬಹುದು.

ಚೀಟಿಯ ಮಾದರಿಯನ್ನೂ ನಾವು ತರಬಹುದು. ನಮ್ಮಲ್ಲಿ ಬೇಟೆ ನಿಷಿದ್ಧ, ಆದ್ದರಿಂದ ಬೇಟೆಗಾರನ ಚೀಟಿ ಬೇಡ, ನೋಡುಗನ ಚೀಟಿ ಸಾಕು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿವೆ. ಇಂಥ ತಾಣಗಳಿಗೆ ಬರುವ ಪ್ರವಾಸಿಗರ ಪ್ರವೇಶಚೀಟಿಯ ಜೊತೆಗೆ, ಬೇಕಾದವರು ಕೊಳ್ಳುವಂಥ ವರ್ಷಕ್ಕೊಂದು ಚಿತ್ರಚೀಟಿಯನ್ನು ಸರ್ಕಾರ ಹೊರತರಲಿ. ಚಿತ್ರದ ಆಯ್ಕೆ ಬಹಿರಂಗ ಸ್ಪರ್ಧೆಯಿಂದ ಆಗಲಿ, ಮುದ್ರಿತ ಪ್ರತಿಗಳ ಹಕ್ಕು ಕಲಾವಿದನಿಗಿರಲಿ, ಚೀಟಿಯ ಹಣ ಆಯಾ ತಾಣದ ಹೂಳು, ಒತ್ತುವರಿ, ಕೊಳಚೆನೀರಿನ ಕೆಲಸಕ್ಕೆ ಮಾತ್ರ ಹೋಗುವಂತೆ ನಿಯಮ ಬಿಗಿಯಾಗಲಿ. ಸುತ್ತಲಿನ ರೈತರ ಬೆಳೆನಷ್ಟಕ್ಕೂ ಅದರಲ್ಲಿ ಪಾಲಿಡಬೇಕು, ಯಾಕೆಂದರೆ ಹಿಮಾಲಯ ದಾಟಿ ಶಿರಹಟ್ಟಿಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇಯುವುದು ಅವರ ಹೊಲಗಳಲ್ಲೇ. ಮೊದಲ ವರ್ಷದ ಚೀಟಿಗೆ ಆ ಹೆಬ್ಬಾತನ್ನೇ ಆರಿಸಲಿ. ಅದನ್ನು ಬರೆಯಬಲ್ಲ ಕೈಗಳು ಗದಗ, ಧಾರವಾಡದ ಕಲಾಶಾಲೆಗಳಲ್ಲೇ ಸಿಗುತ್ತವೆ.